ವಂಶವೃಕ್ಷದಲ್ಲಿ ಎಳೆಯದೇ ಬಿಟ್ಟ ಗೆರೆ: ಆಸ್ತಿ ದಾವೆಗಳ ಗುಟ್ಟು ಬಯಲಾಗುವುದು ಹೇಗೆ?

ಸತ್ತವರ ಹೆಸರಿನಲ್ಲೇ ಉಳಿದುಬಿಟ್ಟ ಪಹಣಿಗಳನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ ಪೌತಿ ಖಾತೆ ಕೆಲಸಕ್ಕೆ ಈಚೆಗೆ ರಾಜ್ಯದಲ್ಲಿ ವೇಗ ಸಿಕ್ಕಿದೆ. ಪಹಣಿಗೆ ಆಧಾರ್ ಜೋಡಿಸಲು ಹೋದಾಗ ಲಕ್ಷಗಟ್ಟಲೆ ಪಹಣಿಗಳ ಮಾಲೀಕರು ಯಾವತ್ತೋ ತೀರಿಕೊಂಡಿದ್ದಾರೆ ಅಂತ ಕಂದಾಯ ಇಲಾಖೆಗೇ ಗೊತ್ತಾಯಿತು. ಅಜ್ಜ ಹೋಗಿ ಮೂವತ್ತು ವರ್ಷ ಆಗಿರುತ್ತದೆ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಇನ್ನೂ ಅಜ್ಜನೇ ಇರುತ್ತಾರೆ. ಖಾತೆ ಬದಲಾಗದಿದ್ದರೆ ಬೆಳೆ ಸಾಲಕ್ಕೂ ಕಷ್ಟ, ಬೆಳೆ ಪರಿಹಾರಕ್ಕೂ ಕಷ್ಟ. ಹಾಗಾಗಿ ಇದು ಆಗಲೇಬೇಕಾದ ಕೆಲಸ.

ಪೌತಿ ಖಾತೆಗೆ ಮರಣ ಪ್ರಮಾಣಪತ್ರದ ಜೊತೆ ವಂಶವೃಕ್ಷ ಬೇಕು. ನಾಡಕಚೇರಿಗೆ ಒಂದು ಅರ್ಜಿ, ಒಂದು ಅಫಿಡವಿಟ್, ಗ್ರಾಮ ಆಡಳಿತ ಅಧಿಕಾರಿ ಊರಿನವರನ್ನು ವಿಚಾರಿಸಿ ಬರೆಯುವ ಮಹಜರು. ಹಾಳೆಯ ಮೇಲ್ಭಾಗದಲ್ಲಿ ಅಜ್ಜನ ಹೆಸರು, ಪಕ್ಕದಲ್ಲಿ 'ಮೃತ' ಅಂತ. ಅದರ ಕೆಳಗೆ ಅಜ್ಜಿ. ಆಮೇಲೆ ಗೆರೆ ಎಳೆದು ಮಕ್ಕಳ ಹೆಸರು. ಮೂರು ಗೆರೆ ಎಳೆದರೆ ಮೂವರು ಮಕ್ಕಳು, ಐದು ಎಳೆದರೆ ಐವರು. ನಮ್ಮ ಕಡೆಯ ಎಷ್ಟೋ ಆಸ್ತಿ ಕೇಸುಗಳ ಗುಟ್ಟೆಲ್ಲ ಇರುವುದು ಎಳೆಯದೇ ಬಿಟ್ಟ ಆ ಎರಡು ಗೆರೆಗಳಲ್ಲಿ.

ಕೋರ್ಟಿನ ಥ್ರಿಲ್ಲರ್ ಕತೆಗಳಲ್ಲಿ ಲಾಕರಿನೊಳಗೆ ಒಂದು ವಿಲ್ ಸಿಗುತ್ತದೆ, ಯಾರೂ ಕಂಡಿರದ ಮಗನೊಬ್ಬ ಬಾಗಿಲಿಗೆ ಬರುತ್ತಾನೆ. ಅದೂ ನಡೆಯುತ್ತದೆ, ಇಲ್ಲವೆನ್ನಲ್ಲ. ಆದರೆ ನಿಜವಾದ ಪಾಲಿನ ದಾವೆಗಳ ತೀರ್ಪುಗಳನ್ನು ಓದುತ್ತಾ ಹೋದರೆ ಕಾಣುವುದೇ ಬೇರೆ. ಮುಚ್ಚಿಟ್ಟ ವಿಷಯ ಇಡೀ ಊರಿಗೆ ಗೊತ್ತಿರುತ್ತದೆ, ಕಾಗದದಲ್ಲಿ ಮಾತ್ರ ಇರುವುದಿಲ್ಲ. ಆ ಮನೆಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಅವರನ್ನು ಇಂಥ ಊರಿಗೆ ಕೊಟ್ಟಿದ್ದಾರೆ ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೂ ವಂಶವೃಕ್ಷದಲ್ಲಿ ಅವರಿಲ್ಲ. "ಅವರು ಗಂಡನ ಮನೆಯಲ್ಲಿ ಚೆನ್ನಾಗಿದ್ದಾರಲ್ಲ, ಸುಮ್ನೆ ಯಾಕೆ ಅವರ ಹೆಸರು" ಎನ್ನುವ ಒಂದು ಮಾತಿನಲ್ಲಿ ಕೆಲಸ ಮುಗಿದಿರುತ್ತದೆ. ಹೆಣ್ಣುಮಕ್ಕಳಿಗೆ ಪಾಲು ಇದೆಯೋ ಇಲ್ಲವೋ ಎನ್ನುವ ಜಗಳವನ್ನು ಕಾನೂನು ಹೆಚ್ಚುಕಡಿಮೆ ಮುಗಿಸಿದೆ. ಈಗ ಉಳಿದಿರುವ ಜಗಳ ಒಂದೇ. ಯಾರಿಗೆ ಯಾವಾಗ ಗೊತ್ತಾಯಿತು, ಯಾರು ಗೊತ್ತಾಗದಂತೆ ನೋಡಿಕೊಂಡರು ಅನ್ನೋದು.

ಕಾನೂನು ಇಲ್ಲಿಗೆ ಬಂದ ದಾರಿ ನೋಡಿದರೆ ಕರ್ನಾಟಕದ ಮನೆಗಳೇ ಜಾಸ್ತಿ ಕಾಣುತ್ತವೆ. ಹಳೇ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕುಗಳಿಗೆ ಒಂದು ಕಾಯ್ದೆ ಮಾಡಿ, ಪಾಲಿನ ಹೊತ್ತಿನಲ್ಲಿ ಮನೆಯ ಹೆಂಗಸರಿಗೂ ಒಂದು ಭಾಗ ಅಂತ ಒಪ್ಪಿಕೊಂಡಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳನ್ನು ತಂದೆಯ ಮೊದಲ ಸಾಲಿನ ವಾರಸುದಾರಳನ್ನಾಗಿ ಮಾಡಿತು. ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಬಿಟ್ಟಿತು. ಅದನ್ನು ಸರಿಮಾಡಲು ಕರ್ನಾಟಕ ತಂದ ತಿದ್ದುಪಡಿ ಜಾರಿಯಾಗಿದ್ದು 1994ರ ಜುಲೈ 30ಕ್ಕೆ. ಮಗಳಿಗೂ ಮಗನಷ್ಟೇ ಹಕ್ಕು, ಆದರೆ ಆ ದಿನಕ್ಕೆ ಮೊದಲೇ ಮದುವೆಯಾದ ಮಗಳಿಗೆ ಇಲ್ಲ.

ಈ ಷರತ್ತಿನ ಬಗ್ಗೆ ಸ್ವಲ್ಪ ನಿಂತು ಯೋಚನೆ ಮಾಡಿ. ಒಂದೇ ಮನೆ, ಇಬ್ಬರು ಅಕ್ಕತಂಗಿಯರು. ಅಕ್ಕನ ಮದುವೆ 1994ರ ಮೇ ತಿಂಗಳಲ್ಲಿ ಆಯಿತು, ತಂಗಿಯದು ಆಗಸ್ಟ್‌ನಲ್ಲಿ. ತಂಗಿಗೆ ಪಾಲುಂಟು, ಅಕ್ಕನಿಗಿಲ್ಲ. ಹಾಗಾಗಿ ದಾವೆಗಳಲ್ಲಿ ಲಗ್ನಪತ್ರಿಕೆಯೇ ಸಾಕ್ಷಿಯಾಗಿ ಬಂತು, ಛತ್ರದ ರಸೀದಿ ಬಂತು. ಹತ್ತು ವರ್ಷಕ್ಕೂ ಜಾಸ್ತಿ ಈ ಗೆರೆ ಮನೆಮನೆಯ ಹೆಣ್ಣುಮಕ್ಕಳನ್ನು ಎರಡು ಭಾಗ ಮಾಡಿಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಜಾರಿಗೆ ಬಂದಾಗ ಮದುವೆಯ ಷರತ್ತು ಹೋಯಿತು.

ಆದರೂ ಮುಗಿಯಲಿಲ್ಲ. 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೆ? ಬೆಳಗಾವಿಯ ಕೋರ್ಟಿನಲ್ಲಿ 1992ರಲ್ಲಿ ಶುರುವಾದ ದಾವೆಯೊಂದು ಈ ಪ್ರಶ್ನೆ ಹೊತ್ತು ಸುಪ್ರೀಂ ಕೋರ್ಟ್ ತನಕ ಹೋಯಿತು. ಪ್ರಕಾಶ್ ವಿರುದ್ಧ ಫೂಲಾವತಿ ಎಂದು ಹೆಸರಾದ ಕೇಸು. ಆ ತಂದೆ ತೀರಿಕೊಂಡಿದ್ದು 1988ರಲ್ಲಿ. 2015ರಲ್ಲಿ ಕೋರ್ಟ್ ಹೇಳಿದ್ದೇನೆಂದರೆ, 2005ರ ಆ ದಿನಕ್ಕೆ ತಂದೆಯೂ ಬದುಕಿರಬೇಕು, ಮಗಳೂ ಬದುಕಿರಬೇಕು. ಮೂರೇ ವರ್ಷಕ್ಕೆ ಕರ್ನಾಟಕದ್ದೇ ಇನ್ನೊಂದು ಕೇಸು, ದಾನಮ್ಮ ವಿರುದ್ಧ ಅಮರ್. ಇಲ್ಲಿ ತಂದೆ ತೀರಿಕೊಂಡಿದ್ದು 2001ರಲ್ಲಿ. ಹೆಣ್ಣುಮಕ್ಕಳು 1956ರ ಕಾಯ್ದೆಗೂ ಮೊದಲೇ ಹುಟ್ಟಿದವರು, ಅದಕ್ಕೇ ಪಾಲಿಲ್ಲ ಅಂತ ಕೆಳಗಿನ ಕೋರ್ಟ್ ಹೇಳಿತ್ತು, ಹೈಕೋರ್ಟ್ ಕೂಡ ಅದನ್ನೇ ಒಪ್ಪಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಆ ಇಬ್ಬರಿಗೂ ಐದರಲ್ಲಿ ಒಂದೊಂದು ಪಾಲು ಕೊಟ್ಟಿತು. ಅಂದರೆ ಸುಪ್ರೀಂ ಕೋರ್ಟಿನದ್ದೇ ಎರಡು ತೀರ್ಪುಗಳು, ಎರಡು ದಿಕ್ಕಿಗೆ. ಕೆಳಗಿನ ಕೋರ್ಟುಗಳಲ್ಲಿ ಯಾವ ವಕೀಲರಿಗೆ ಯಾವುದು ಬೇಕೋ ಅದನ್ನು ತೋರಿಸುತ್ತಿದ್ದರು.

2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ವಿನೀತಾ ಶರ್ಮಾ ಕೇಸಿನಲ್ಲಿ ಗೊಂದಲ ತೆಗೆಯಿತು. ಮಗಳ ಹಕ್ಕು ಹುಟ್ಟಿನಿಂದ ಬರುತ್ತದೆ, 2005ಕ್ಕೆ ತಂದೆ ಬದುಕಿದ್ದರೋ ಇಲ್ಲವೋ ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ. ಪೀಠದಲ್ಲಿದ್ದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಕರಾವಳಿ ಕನ್ನಡ ನಾಡಿನವರು.

ಆ ತೀರ್ಪಿನಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಬೇರೆ ಒಂದು ಭಾಗ. 2004ರ ಡಿಸೆಂಬರ್ 20ಕ್ಕೆ ಮೊದಲು ಸರಿಯಾಗಿ ಆಗಿದ್ದ ಪಾಲನ್ನು ಕಾಯ್ದೆ ಮುಟ್ಟುವುದಿಲ್ಲ. ಇದು ಗೊತ್ತಾದ ಮೇಲೆ ಏನಾಗುತ್ತದೆ ಹೇಳಿ? "ನಮ್ಮಲ್ಲಿ ಪಾಲು ಯಾವಾಗಲೋ ಆಗಿಹೋಗಿದೆ, ಬಾಯಿಮಾತಿನಲ್ಲಿ ಹಿರಿಯರು ಕೂತು ಮಾಡಿದ್ದು" ಎನ್ನುವ ಉತ್ತರ ದಾವೆಗಳಲ್ಲಿ ಬರತೊಡಗುತ್ತದೆ. ರಿಜಿಸ್ಟರ್ ಆಗದ ಪಾಲುಪಟ್ಟಿಯೊಂದು ಎಲ್ಲಿಂದಲೋ ಹೊರಬರುತ್ತದೆ, ತಾರೀಖು ಮಾತ್ರ ಸರಿಯಾಗಿ 2004ಕ್ಕೂ ಹಿಂದಿನದ್ದು. ಮಗಳ ಪಾಲು ತಪ್ಪಿಸಲು ಇಂಥ ಸುಳ್ಳು ಹೇಳಬಹುದು ಎನ್ನುವುದನ್ನು ಕೋರ್ಟ್ ತೀರ್ಪಿನಲ್ಲೇ ಬರೆದಿದೆ. ಕಾಯ್ದೆ ಒಪ್ಪುವುದು ರಿಜಿಸ್ಟರ್ ಆದ ಪಾಲುಪತ್ರ ಅಥವಾ ಕೋರ್ಟಿನ ಡಿಕ್ರಿ. ಬಾಯಿಮಾತಿನ ಪಾಲನ್ನು ಒಪ್ಪಬೇಕಾದರೆ ಅದು ಅಪರೂಪದ ಸಂದರ್ಭ, ಅದಕ್ಕೆ ಸರ್ಕಾರಿ ದಾಖಲೆಯ ಬೆಂಬಲ ಬೇಕು.

ಇಲ್ಲಿ ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ತಪ್ಪು ಆಸೆ ಹುಟ್ಟುತ್ತದೆ. ತಾತನಿಂದ ಬಂದಿದ್ದೆಲ್ಲ ಪಿತ್ರಾರ್ಜಿತ ಅಲ್ಲ. ತಾತ ಸ್ವಂತ ದುಡಿಮೆಯಿಂದ ಕೊಂಡ ಜಮೀನು 1956ರ ನಂತರ ಅವರು ತೀರಿಕೊಂಡು ಮಗನಿಗೆ ಬಂದಿದ್ದರೆ ಅದು ಆ ಮಗನ ಸ್ವಂತ ಆಸ್ತಿ. ಆ ಮಗ ಬದುಕಿರುವಾಗ ಅದರಲ್ಲಿ ಅವನ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಹುಟ್ಟಿನ ಹಕ್ಕು ಇಲ್ಲ. ಅವನು ಅದನ್ನು ಯಾರಿಗೆ ಬೇಕಾದರೂ ಬರೆದುಕೊಡಬಹುದು. ಹಾಗೆಯೇ ಈ ಹಿಂದೂ ಉತ್ತರಾಧಿಕಾರ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ.

ಬರೆದುಕೊಡುವುದು ಅಂದಾಗ ವಿಲ್ ನೆನಪಾಗುತ್ತದೆ. ಗುಟ್ಟಾಗಿ ಇರಲಿ ಅಂತ ಕಾನೂನೇ ಒಪ್ಪಿರುವ ಕಾಗದ ಇದು. ವಿಲ್‌ಗೆ ಛಾಪಾ ಕಾಗದ ಬೇಡ. ರಿಜಿಸ್ಟರ್ ಮಾಡಿಸಲೇಬೇಕೆಂದಿಲ್ಲ. ಬರೆದವರ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಸಾಕು. ಬೇಕಿದ್ದರೆ ಲಕೋಟೆಯಲ್ಲಿ ಸೀಲ್ ಮಾಡಿ ಜಿಲ್ಲಾ ರಿಜಿಸ್ಟ್ರಾರ್ ಹತ್ತಿರ ಠೇವಣಿ ಇಡಬಹುದು, ಒಳಗೇನಿದೆ ಅಂತ ಅವರೂ ನೋಡುವುದಿಲ್ಲ. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ಆಸ್ತಿಗೆ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಮಾರಾಟ, ದಾನಪತ್ರ, ಹಕ್ಕು ಬಿಡುಗಡೆ ಪತ್ರ, ಅಡಮಾನ ಎಲ್ಲ ಕಾಣುತ್ತದೆ. ರಿಜಿಸ್ಟರ್ ಆದ ವಿಲ್ ಕಾಣುವುದಿಲ್ಲ, ಯಾಕೆಂದರೆ ಅದು ಬೇರೆ ಪುಸ್ತಕದಲ್ಲಿ ದಾಖಲಾಗುತ್ತದೆ. ಬರೆದವರು ಬದುಕಿರುವ ತನಕ ಅವರಿಗೆ ಅಥವಾ ಅವರು ನೇಮಿಸಿದವರಿಗೆ ಮಾತ್ರ ನಕಲು ಸಿಗುತ್ತದೆ. ತೀರಿಕೊಂಡ ಮೇಲೆ ಮರಣ ಪ್ರಮಾಣಪತ್ರ ಕೊಟ್ಟು ಯಾರು ಬೇಕಾದರೂ ಕೇಳಬಹುದು. ಇಸಿ ಖಾಲಿ ಇದೆ ಅಂತ ನೆಮ್ಮದಿಯಿಂದ ಕೂತವರ ಎದುರು ಐದು ವರ್ಷದ ಮೇಲೆ ವಿಲ್ ಬಂದು ನಿಲ್ಲುವುದು ಹೀಗೆ.

ಹಾಗೆ ಬಂದ ವಿಲ್ಲನ್ನು ಕೋರ್ಟ್ ನೋಡುವ ರೀತಿಗೆ ಅಡಿಪಾಯ ಹಾಕಿದ್ದೂ ಮೈಸೂರಿನ ಕಡೆಯ ಒಂದು ಕೇಸೇ. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ, ಸುಪ್ರೀಂ ಕೋರ್ಟ್ 1958ರ ನವೆಂಬರ್‌ನಲ್ಲಿ ತೀರ್ಮಾನಿಸಿದ್ದು. ಇಂದಿಗೂ ವಿಲ್ ಬಗ್ಗೆ ಜಗಳ ಬಂದರೆ ದೇಶದ ಯಾವ ಮೂಲೆಯ ಕೋರ್ಟಿನಲ್ಲೂ ಈ ಹೆಸರು ಬರುತ್ತದೆ. ಅದರ ತಿರುಳು ಸರಳ. ಬೇರೆ ಕಾಗದವಾದರೆ ಬರೆದವರನ್ನೇ ಕರೆದು ಕೇಳಬಹುದು. ವಿಲ್ ಬರೆದವರು ಬಂದು ಹೇಳಲಾರರು. ಹಾಗಾಗಿ ವಿಲ್ಲಿನ ಸುತ್ತ ಅನುಮಾನ ಬರುವಂಥದ್ದು ಏನಾದರೂ ಇದ್ದರೆ ಅದನ್ನು ನಿವಾರಿಸುವ ಹೊಣೆ ವಿಲ್ ತಂದವರದ್ದು. ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದರೆ ಅದು ಅನುಮಾನ. ಸಹಿ ನಡುಗುತ್ತಿದ್ದರೆ, ಹಾಸಿಗೆ ಹಿಡಿದವರಿಂದ ಬರೆಸಿದ್ದರೆ, ಕಾರಣ ಹೇಳದೆ ಹೆಂಡತಿಯನ್ನೋ ಮಕ್ಕಳನ್ನೋ ಪೂರ್ತಿ ಬಿಟ್ಟಿದ್ದರೆ, ಎಲ್ಲವೂ ಅನುಮಾನವೇ.

ಬದುಕಿರುವ ಸಾಕ್ಷಿದಾರರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಅಲ್ಲಿಯೇ ನಿಜವಾದ ಥ್ರಿಲ್ಲರ್ ನಡೆಯುವುದು. ಎದುರು ವಕೀಲರ ಪಾಟೀಸವಾಲಿನ ಪ್ರಶ್ನೆಗಳು ಕೇಳಲು ಬಹಳ ಸಾದಾ. ಅವರು ಸಹಿ ಹಾಕುವಾಗ ಎಲ್ಲಿ ಕೂತಿದ್ದರು? ಮಂಚದ ಮೇಲಾ, ಕುರ್ಚಿಯ ಮೇಲಾ? ಪೆನ್ನು ಯಾರದ್ದು? ಟೈಪ್ ಮಾಡಿಸಿಕೊಂಡು ತಂದಿದ್ದು ಯಾರು? ಓದಿ ಹೇಳಿದವರು ಯಾರು? ನೀವು ಸಹಿ ಹಾಕಿದ್ದು ಅವರ ಎದುರಿಗಾ, ಆಮೇಲೆ ನಿಮ್ಮ ಅಂಗಡಿಗೆ ತಂದುಕೊಟ್ಟಾಗಲಾ? ಈ ಕೊನೆಯ ಪ್ರಶ್ನೆಗೆ "ಅಂಗಡಿಗೆ ತಂದುಕೊಟ್ಟರು" ಅಂತ ಬಾಯಿತಪ್ಪಿ ಬಂದರೆ ಕೋಟಿ ಬೆಲೆಯ ವಿಲ್ ಅಲುಗಾಡುತ್ತದೆ. ಬರೆದವರ ಎದುರಿನಲ್ಲೇ ಸಾಕ್ಷಿ ಸಹಿ ಹಾಕಬೇಕು ಅನ್ನುವುದು ಕಾನೂನಿನ ಷರತ್ತು. ರಿಜಿಸ್ಟರ್ ಆಗಿದೆ ಎಂದ ಮಾತ್ರಕ್ಕೆ ಈ ಪರೀಕ್ಷೆ ತಪ್ಪುವುದಿಲ್ಲ.

ಪಿತ್ರಾರ್ಜಿತ ಆಸ್ತಿಯನ್ನು ತಂದೆ ಪೂರ್ತಿಯಾಗಿ ವಿಲ್ ಮಾಡಲೂ ಆಗುವುದಿಲ್ಲ, ತನ್ನ ಪಾಲನ್ನು ಮಾತ್ರ ಮಾಡಬಹುದು. ಪ್ರೀತಿ ವಿಶ್ವಾಸದಿಂದ ಕೊಡುತ್ತಿದ್ದೇನೆ ಅಂತ ದಾನಪತ್ರ ಬರೆದರೂ ನಿಲ್ಲುವುದಿಲ್ಲ ಅಂತ ಕರ್ನಾಟಕದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಇನ್ನು ಎರಡನೇ ಸಂಸಾರ. ತಿಥಿಯ ದಿನ ಮಕ್ಕಳ ಕೈಹಿಡಿದು ಬಾಗಿಲಿಗೆ ಬಂದ ಹೆಂಗಸಿನ ಕತೆ ಪ್ರತಿ ತಾಲೂಕಿನಲ್ಲೂ ಒಂದಾದರೂ ಇರುತ್ತದೆ. ಅಲ್ಲಿ ಊರು ಆಡುವ ಮಾತು ಕ್ರೂರ. ಕಾನೂನು ಮಕ್ಕಳ ವಿಷಯದಲ್ಲಿ ಊರಿಗಿಂತ ಎಷ್ಟೋ ಮೇಲು. ಮೊದಲ ಹೆಂಡತಿ ಇರುವಾಗ ಆದ ಎರಡನೇ ಮದುವೆ ಕಾನೂನಿನಲ್ಲಿ ಮದುವೆಯೇ ಅಲ್ಲ, ಆದರೆ ಹಿಂದೂ ವಿವಾಹ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಆ ಮಕ್ಕಳು ಸಕ್ರಮ ಮಕ್ಕಳೇ. ಪಿತ್ರಾರ್ಜಿತದಲ್ಲೂ ಅವರಿಗೆ ಏನಾದರೂ ಸಿಗುತ್ತದಾ ಅನ್ನುವ ಪ್ರಶ್ನೆ ರೇವಣಸಿದ್ದಪ್ಪ ವಿರುದ್ಧ ಮಲ್ಲಿಕಾರ್ಜುನ ಎಂಬ ಕರ್ನಾಟಕದ ಕೇಸಿನಲ್ಲಿ ಎದ್ದಿತು. 2011ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಅದನ್ನು ದೊಡ್ಡ ಪೀಠಕ್ಕೆ ಕಳಿಸಿದರು. ಉತ್ತರ ಬಂದಿದ್ದು 2023ರ ಸೆಪ್ಟೆಂಬರ್ 1ಕ್ಕೆ.

ಉತ್ತರ ಹೀಗಿದೆ. ತಂದೆ ಸಾಯುವ ಮುಂಚಿನ ಕ್ಷಣದಲ್ಲಿ ಅವಿಭಕ್ತ ಕುಟುಂಬದ ಪಾಲು ಆಗಿತ್ತು ಅಂದುಕೊಳ್ಳಿ. ತಂದೆಗೆ ಎಷ್ಟು ಬರುತ್ತಿತ್ತೋ ಅದರಲ್ಲಿ ಆ ಮಕ್ಕಳಿಗೂ ಭಾಗ ಉಂಟು. ಆದರೆ ದೊಡ್ಡಪ್ಪ, ಚಿಕ್ಕಪ್ಪನ ಪಾಲಿಗೆ ಅವರು ಕೈಹಾಕುವಂತಿಲ್ಲ, ಹುಟ್ಟಿನಿಂದ ಬರುವ ಹಕ್ಕೂ ಇಲ್ಲ. ಆ ತಾಯಿಗೆ ಮಾತ್ರ ಹೆಂಡತಿಯೆಂದು ಏನೂ ಬರುವುದಿಲ್ಲ. ಎಷ್ಟೋ ಸಲ ಆಕೆಗೆ ಮೊದಲ ಮದುವೆಯ ವಿಷಯವೇ ಗೊತ್ತಿರುವುದಿಲ್ಲ. ಗುಟ್ಟು ಇಟ್ಟವನು ಗಂಡ, ಕಳೆದುಕೊಳ್ಳುವವಳು ಆಕೆ. ಇದು ನನಗೆ ನ್ಯಾಯ ಅನ್ನಿಸುವುದಿಲ್ಲ. ವಂಶವೃಕ್ಷದಲ್ಲಿ ಮೊದಲು ಮಾಯವಾಗುವುದು ಇಂಥ ಮಕ್ಕಳ ಹೆಸರು. ಗಂಡುಮಕ್ಕಳಾದರೂ ಅಷ್ಟೇ.

ನಾಮಿನಿ ಬಗ್ಗೆಯೂ ಬೇಗ ಹೇಳಿಬಿಡುತ್ತೇನೆ. ಬ್ಯಾಂಕ್ ಠೇವಣಿಗೆ ನಾಮಿನಿ ಆದವರು ಹಣ ಪಡೆದುಕೊಳ್ಳಬಹುದು, ಅದರ ಮಾಲೀಕರಾಗುವುದಿಲ್ಲ. ಷೇರುಗಳಿಗೂ ಇದೇ ಅಂತ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಮತ್ತೆ, ಮಗ ವಿಲ್ ಇಲ್ಲದೆ ತೀರಿಕೊಂಡರೆ ಅವನ ಹೆಂಡತಿ ಮಕ್ಕಳ ಜೊತೆ ಅವನ ತಾಯಿಗೂ ಸಮಪಾಲು ಇದೆ. ಇದನ್ನು ಮರೆಯುವವರು ಬಹಳ.

ಹೆಸರು ಬಿಡುವುದು ಒಂದು ದಾರಿಯಾದರೆ ಸಹಿ ಹಾಕಿಸಿಕೊಳ್ಳುವುದು ಇನ್ನೊಂದು. "ಅಕ್ಕಾ, ಸಾಲಕ್ಕೆ ಬ್ಯಾಂಕಿನವರು ಎಲ್ಲರ ಸಹಿ ಕೇಳ್ತಾರೆ, ಒಂದು ಗಂಟೆ ಬಂದು ಹೋಗು" ಅಂತ ಫೋನ್ ಬರುತ್ತದೆ. ಅಕ್ಕ ಬಸ್ಸು ಹತ್ತಿ ಬರುತ್ತಾಳೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೂಕುನುಗ್ಗಲು. ಫೋಟೊ, ಹೆಬ್ಬೆಟ್ಟು, "ಬರೆದುಕೊಟ್ಟಿದ್ದಕ್ಕೆ ಒಪ್ಪಿಗೆ ಇದೆಯೇನಮ್ಮಾ?" ಎಂಬ ಒಂದು ಪ್ರಶ್ನೆ, ತಮ್ಮನ ಮುಖ ನೋಡಿ "ಹ್ಞೂಂ" ಎಂಬ ಉತ್ತರ. ಅದು ಹಕ್ಕು ಬಿಡುಗಡೆ ಪತ್ರ. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು ಮುಟ್ಟಿದೆ ಎಂದು ಅದರಲ್ಲಿ ಬರೆದಿರುತ್ತದೆ.

ಎಲ್ಲ ತಮ್ಮಂದಿರೂ ಹೀಗೆ ಅಂತ ನಾನು ಹೇಳುತ್ತಿಲ್ಲ. ಅಪ್ಪನ ಸಾಲ ತೀರಿಸಿ, ಅಮ್ಮನ ಆಸ್ಪತ್ರೆ ನೋಡಿಕೊಂಡು, ತಂಗಿಯರ ಮದುವೆ ಮಾಡಿ ಹೈರಾಣಾದ ಅಣ್ಣಂದಿರು ಬೇಕಾದಷ್ಟಿದ್ದಾರೆ, ಅವರಿಗೆ ಮನಸಾರೆ ಬಿಟ್ಟುಕೊಟ್ಟ ಅಕ್ಕತಂಗಿಯರೂ ಇದ್ದಾರೆ. ಆ ಬಿಡುವಿಕೆಗೆ ಬೆಲೆ ಇದೆ. ಆದರೆ ಬಿಡಬೇಕಾದರೆ ನನಗೆ ಇಷ್ಟಿದೆ ಅಂತ ಮೊದಲು ಗೊತ್ತಿರಬೇಕಲ್ವಾ? ತವರಿನ ಬಾಗಿಲು ಮುಚ್ಚೀತು ಎನ್ನುವ ಭಯದಲ್ಲಿ, ಗೌರಿ ಹಬ್ಬಕ್ಕೆ ಬಾಗಿನ ಬರದೇ ಹೋದೀತು ಎನ್ನುವ ಭಯದಲ್ಲಿ ಹಾಕಿದ ಸಹಿ ಮನಸಾರೆ ಹಾಕಿದ್ದಲ್ಲ. ಇನ್ನೊಂದು, ತಂದೆ ಬದುಕಿರುವಾಗಲೇ ಅವರ ಸ್ವಯಾರ್ಜಿತ ಆಸ್ತಿ ನನಗೆ ಬೇಡ ಅಂತ ಮಗಳು ಬರೆದುಕೊಟ್ಟ ಪತ್ರಕ್ಕೆ ಸಾಮಾನ್ಯವಾಗಿ ಬಲವಿಲ್ಲ. ಇನ್ನೂ ಬಾರದ ಹಕ್ಕನ್ನು ಬಿಡಲು ಬರುವುದಿಲ್ಲ.

ಈಗ, ಯಾರಿಗೆ ಯಾವಾಗ ಗೊತ್ತಾಯಿತು ಎನ್ನುವ ವಿಷಯಕ್ಕೆ ಬರೋಣ. 1963ರ ಕಾಲಮಿತಿ ಕಾಯ್ದೆ ಗುಟ್ಟುಗಳ ಲೆಕ್ಕವನ್ನು ಚೆನ್ನಾಗಿ ಇಟ್ಟಿದೆ. ಅವಿಭಕ್ತ ಕುಟುಂಬದ ಆಸ್ತಿಯಿಂದ ಒಬ್ಬರನ್ನು ಹೊರಗಿಟ್ಟರೆ ದಾವೆ ಹಾಕಲು 12 ವರ್ಷ. ಎಣಿಕೆ ಶುರುವಾಗುವುದು ಹೊರಗಿಟ್ಟ ದಿನದಿಂದಲ್ಲ, ಹೊರಗಿಟ್ಟಿದ್ದಾರೆಂದು ಅವರಿಗೆ ಗೊತ್ತಾದ ದಿನದಿಂದ. ಒಂದು ಪತ್ರ ರದ್ದು ಮಾಡಿಸಲು ಮೂರು ವರ್ಷ, ಅದೂ ವಿಷಯ ತಿಳಿದಾಗಿನಿಂದ. ಮೋಸದಿಂದ ದಾಖಲೆ ಮುಚ್ಚಿಟ್ಟಿದ್ದರೆ ಅದು ಬಯಲಾಗುವ ತನಕ ಗಡಿಯಾರ ಓಡುವುದಿಲ್ಲ. ಅದಕ್ಕೇ ಪಾಲಿನ ದಾವೆಯಲ್ಲಿ "ನನಗೆ ಇದು ತಿಳಿದಿದ್ದು ಇಂಥ ದಿನ, ಪಹಣಿ ತೆಗೆಸಿದಾಗ" ಎಂಬ ಸಾಲು ಸುಮ್ನೆ ಬರೆಯುವುದಲ್ಲ. ಇಡೀ ಕೇಸು ಅದರ ಮೇಲೆ ನಿಲ್ಲಬಹುದು. ಎದುರಿನವರು ಅದನ್ನೇ ಒಡೆಯಲು ನೋಡುತ್ತಾರೆ. ಗೃಹಪ್ರವೇಶಕ್ಕೆ ಬಂದಿದ್ದಿರಲ್ಲ, ಸೈಟು ಮಾಡಿ ಮಾರುತ್ತಿದ್ದದ್ದು ಕಣ್ಣಾರೆ ಕಂಡಿರಲ್ಲ ಅಂತ. ತಾನೇ ಸಹಿ ಹಾಕಿದ ರಿಜಿಸ್ಟರ್ ಪತ್ರದ ಬಗ್ಗೆ ಗೊತ್ತಿರಲಿಲ್ಲ ಎಂದರೆ ಕೋರ್ಟ್ ಸುಲಭಕ್ಕೆ ನಂಬುವುದಿಲ್ಲ.

ಖಾತೆ ಅಣ್ಣನ ಹೆಸರಿಗೆ ಆಗಿಬಿಟ್ಟಿತು, ಇನ್ನು ಏನೂ ಮಾಡಲಾಗದು ಅಂತ ಕೈಚೆಲ್ಲುವವರಿಗೆ ಒಂದು ಮಾತು. ಪಹಣಿಯಾಗಲಿ ಮುಟೇಶನ್ (ಖಾತೆ ಬದಲಾವಣೆ) ಆಗಲಿ ಮಾಲೀಕತ್ವ ಕೊಡುವುದಿಲ್ಲ ಎಂದು ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಅದು ಕಂದಾಯದ ದಾಖಲೆ, ಅಷ್ಟೇ. ಹೆಸರು ಇಲ್ಲದಿದ್ದರೂ ಹಕ್ಕು ಹೋಗುವುದಿಲ್ಲ. ಆದರೆ ಕೊಳ್ಳಲು ಬಂದವರು ನೋಡುವುದು ಆ ದಾಖಲೆಯನ್ನೇ. ಜಮೀನು ಮಾರಾಟವಾಗಿ ಲೇಔಟ್ ಆಗಿ ನಲವತ್ತು ಮನೆ ಎದ್ದ ಮೇಲೆ ಪಾಲು ಕೇಳಲು ಹೋದರೆ ಗೆದ್ದರೂ ಕೈಗೆ ಬರುವಷ್ಟರಲ್ಲಿ ಅರ್ಧ ಆಯಸ್ಸು ಮುಗಿದಿರುತ್ತದೆ. ಬೆಳಗಾವಿಯ ಆ ಕೇಸು ನೆನಪಿಸಿಕೊಳ್ಳಿ, ಸುಪ್ರೀಂ ಕೋರ್ಟಿನ ತೀರ್ಪು ಬರುವಷ್ಟರಲ್ಲಿ 23 ವರ್ಷ ಆಗಿತ್ತು.

ಅದಕ್ಕೇ ನನ್ನ ಸಿಟ್ಟು ಇರುವುದು ಕೋರ್ಟಿನ ಮೇಲೆ ಅಲ್ಲ, ಕಾಗದ ಹುಟ್ಟುವ ಜಾಗದ ಮೇಲೆ. ಕರ್ನಾಟಕ ಭೂಕಂದಾಯ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರ ಮುಟೇಶನ್ ಆಗುವ ಮುಂಚೆ ಅದರ ನಕಲನ್ನು ಚಾವಡಿಯಲ್ಲಿ ಅಂಟಿಸಬೇಕು, ದಾಖಲೆ ನೋಡಿದರೆ ಯಾರಿಗೆ ಸಂಬಂಧ ಇದೆಯೋ ಅವರಿಗೆ ಲಿಖಿತವಾಗಿ ತಿಳಿಸಬೇಕು. ಮಗಳ ಹೆಸರು ದಾಖಲೆಯಲ್ಲೇ ಇಲ್ಲ, ಹಾಗಾಗಿ ಅವಳಿಗೆ ನೋಟಿಸು ಹೋಗುವುದಿಲ್ಲ. ಚಾವಡಿಯ ಗೋಡೆ ನೋಡಲು ಅವಳು ಊರಲ್ಲಿಲ್ಲ, ಪುಣೆಯಲ್ಲೋ ದುಬೈಯಲ್ಲೋ ಬೆಂಗಳೂರಿನ ಯಾವುದೋ ಬಡಾವಣೆಯಲ್ಲೋ ಇದ್ದಾಳೆ. ಈಗ ಒಂದೇ ಸಲ ಇಷ್ಟೊಂದು ಪೌತಿ ಖಾತೆಗಳು ಆಗುತ್ತಿರುವಾಗ ಇದನ್ನು ಸರಿಮಾಡದಿದ್ದರೆ ಮುಂದಿನ ಇಪ್ಪತ್ತು ವರ್ಷದ ದಾವೆಗಳನ್ನು ನಾವೇ ಬಿತ್ತಿದಂತೆ. ಅರ್ಜಿಯಲ್ಲಿ ಹೆಣ್ಣುಮಕ್ಕಳ ಸಂಖ್ಯೆ, ಹೆಸರು, ಕೊಟ್ಟ ಊರು, ಫೋನ್ ನಂಬರ್ ಬರೆಯುವುದು ಕಡ್ಡಾಯ ಆಗಲಿ. ಹಳೇ ಪಡಿತರ ಚೀಟಿ, ಮತದಾರರ ಪಟ್ಟಿ, ಶಾಲೆಯ ದಾಖಲೆ ಇಟ್ಟು ತಾಳೆ ನೋಡಲಿ. ಮಹಜರಿಗೆ ಸಹಿ ಹಾಕುವ ಅಕ್ಕಪಕ್ಕದವರನ್ನು "ಈ ಮನೆಯಿಂದ ಎಷ್ಟು ಹೆಣ್ಣುಮಕ್ಕಳನ್ನು ಕೊಟ್ಟಿದ್ದಾರೆ" ಅಂತ ಒಂದು ಪ್ರಶ್ನೆ ಕೇಳಿ ಉತ್ತರವನ್ನು ಬರೆದುಕೊಳ್ಳಲಿ. ಮುಟೇಶನ್ ಆಗುವ ಮುಂಚೆ ಆ ಹೆಣ್ಣುಮಕ್ಕಳ ಫೋನಿಗೆ ಕನ್ನಡದಲ್ಲಿ ಒಂದು ಮೆಸೇಜ್ ಹೋಗಲಿ, ಸರ್ವೆ ನಂಬರ್ ಸಮೇತ.